ದೊಡ್ಡ ಪ್ಯಾಕೆಟ್ ಮಾತ್ರ ಯಾಕೆ ಬರುತ್ತಿಲ್ಲ: ಕರ್ನಲ್ ಒಳಗೆ ಫ್ರಾಗ್ಮೆಂಟ್‌ಗಳ ದಾರಿ ಹಿಡಿಯುವುದು

ಸಣ್ಣ ಮೆಸೇಜ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಅಪ್ಲಿಕೇಶನ್ ಮಾತ್ರ ಸುಮ್ನೆ ಕೂತಿರುತ್ತದೆ. ಇಂಥ ಕಂಪ್ಲೇಂಟ್ ಬಂದಾಗ ಕೇಬಲ್ ಬದಲಿಸುವ ಮೊದಲು ಫ್ರಾಗ್ಮೆಂಟ್‌ಗಳ, ಅಂದರೆ ಪ್ಯಾಕೆಟ್‌ನ ತುಂಡುಗಳ, ಕಡೆ ಒಮ್ಮೆ ನೋಡಬೇಕು. ಪ್ಯಾಕೆಟ್ ದಾರಿಯಲ್ಲಿ ತುಂಡಾಗಿರುತ್ತದೆ, ಆ ಕಡೆಯ ಕರ್ನಲ್ (ಆಪರೇಟಿಂಗ್ ಸಿಸ್ಟಂನ ಮೂಲ ಭಾಗ) ಅದನ್ನು ಜೋಡಿಸಲು ಆಗದೆ ಬಿಸಾಡಿರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ಒಂದು ಸೆಮಿಸ್ಟರ್, ನೆಟ್‌ವರ್ಕ್ ಇನ್ನೊಂದು ಸೆಮಿಸ್ಟರ್. ಎರಡೂ ಸೇರುವ ಜಾಗ ಇದು. ಅಲ್ಲಿಗೆ ಬರುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ. ಹಾಗಾಗಿ ವಿದ್ಯಾರ್ಥಿಗಳಿಗೂ, ಫ್ಯಾಕ್ಟರಿ, ಸೊಸೈಟಿಗಳಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೂ ಇದನ್ನು ಬರೆದಿದ್ದೇನೆ. ತುಂಡುಗಳನ್ನು ಜೋಡಿಸುವುದು ಕರ್ನಲ್‌ಗೆ ಸುಲಭ. ಯಾವುದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವಾಗ ಎಸೆಯಬೇಕು ಅನ್ನುವುದೇ ತಲೆಬಿಸಿ. ಓದುವಾಗ ಗಮನ ಆ ಕಡೆ ಇರಲಿ.

ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಮೊದಲು ಪೇಪರ್ ಮೇಲೆ ಲೆಕ್ಕ

ಈಥರ್ನೆಟ್‌ನಲ್ಲಿ ಒಂದು ಐಪಿ ಪ್ಯಾಕೆಟ್ 1500 ಬೈಟ್ ದಾಟುವ ಹಾಗಿಲ್ಲ. ಈ ಮಿತಿಗೆ ಎಂಟಿಯು ಅನ್ನುತ್ತಾರೆ. ನೀವು 4000 ಬೈಟ್ ಡೇಟಾ ಇಟ್ಟು ಪಿಂಗ್ ಮಾಡಿದಿರಿ ಅನ್ನೋಣ. ಪಿಂಗ್ ಬಳಸುವ ಪ್ರೋಟೋಕಾಲ್ ಐಸಿಎಂಪಿ, ಅದರ ಹೆಡರ್ 8 ಬೈಟ್ ಸೇರಿ 4008 ಆಯಿತು. ಪ್ರತಿ ತುಂಡಿಗೂ 20 ಬೈಟ್ ಐಪಿ ಹೆಡರ್ ಬೇಕು. 1500ರಲ್ಲಿ ಅದು ಹೋದರೆ ಉಳಿಯುವುದು 1480. ಅಂದರೆ 1480, 1480, 1048 ಹೀಗೆ ಮೂರು ತುಂಡು.

ಮೂರಕ್ಕೂ ಐಡಿ ಒಂದೇ. ಅದು 16 ಬಿಟ್‌ನ ಸಂಖ್ಯೆ. ಮೊದಲ ಎರಡರಲ್ಲಿ 'ಇನ್ನೂ ಇದೆ' ಅನ್ನುವ ಬಿಟ್ ಆನ್ ಆಗಿರುತ್ತದೆ, ಕೊನೆಯದರಲ್ಲಿ ಇರುವುದಿಲ್ಲ. ಆಫ್‌ಸೆಟ್ ಕ್ರಮವಾಗಿ 0, 185, 370. 1480 ಅಲ್ವಾ ಇರಬೇಕಾಗಿದ್ದು? ಪ್ಯಾಕೆಟ್‌ನ ಒಟ್ಟು ಉದ್ದ ಬರೆಯಲು ಹೆಡರ್‌ನಲ್ಲಿ 16 ಬಿಟ್ ಇದೆ, ಆಫ್‌ಸೆಟ್‌ಗೆ ಉಳಿದಿರುವುದು 13 ಬಿಟ್ ಮಾತ್ರ. ಮೂರು ಬಿಟ್ ಕಡಿಮೆ. ಅದಕ್ಕೆ ಆಫ್‌ಸೆಟ್ಟನ್ನು 8 ಬೈಟ್‌ಗಳ ಲೆಕ್ಕದಲ್ಲಿ ಬರೆಯುತ್ತಾರೆ. ಹಾಗಾಗಿ ಕೊನೆಯದನ್ನು ಬಿಟ್ಟು ಉಳಿದ ಎಲ್ಲ ತುಂಡುಗಳ ಡೇಟಾ 8ರಿಂದ ಭಾಗವಾಗಲೇಬೇಕು. 1981ರ ಆರ್‌ಎಫ್‌ಸಿ 791 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಇಟ್ಟ ಈ ಲೆಕ್ಕ ಐಪಿವಿ4ನಲ್ಲಿ ಇವತ್ತಿಗೂ ಹಾಗೇ ಇದೆ.

ಎರಡು ಊರು, ಒಂದೇ ಲ್ಯಾಪ್‌ಟಾಪ್

ಎರಡು ಮಷೀನ್ ಬೇಕಿಲ್ಲ. ಒಂದು ಉಬುಂಟು ಲ್ಯಾಪ್‌ಟಾಪ್, ರೂಟ್ ಅನುಮತಿ ಇದ್ದರೆ ಸಾಕು. 'ಐಪಿ ನೆಟ್‌ಎನ್‌ಎಸ್ ಆಡ್' ಕಮಾಂಡ್‌ನಿಂದ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿ, ಅಂದರೆ ಒಂದೇ ಮಷೀನ್ ಒಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್. ನಾನು ಒಂದಕ್ಕೆ ಬೆಳಗಾವಿ, ಇನ್ನೊಂದಕ್ಕೆ ಬಾಗಲಕೋಟೆ ಅಂತ ಹೆಸರಿಡುತ್ತೇನೆ. ಯಾವ ಕಡೆ ನಿಂತಿದ್ದೇನೆ ಅನ್ನುವುದು ಮರೆಯುವುದಿಲ್ಲ. 'ಐಪಿ ಲಿಂಕ್ ಆಡ್' ಕೊಟ್ಟು ಒಂದು ವಿಈಥ್ ಜೋಡಿ (ಎರಡು ತುದಿಯ ವರ್ಚುವಲ್ ಕೇಬಲ್) ಮಾಡಿ, ಒಂದೊಂದು ತುದಿಯನ್ನು ಒಂದೊಂದು ನೇಮ್‌ಸ್ಪೇಸ್‌ಗೆ ಹಾಕಿ. 10.0.0.1, 10.0.0.2 ವಿಳಾಸ ಕೊಟ್ಟು ಎರಡೂ ತುದಿ ಅಪ್ ಮಾಡಿ.

ಬೆಳಗಾವಿಯಲ್ಲಿ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ, '-ವಿ' ಆಯ್ಕೆ ಇರಲಿ. ಬಾಗಲಕೋಟೆಯಿಂದ ಪಿಂಗ್‌ಗೆ '-ಎಸ್ 4000' ಕೊಟ್ಟು ಒಂದೇ ಒಂದು ಪ್ಯಾಕೆಟ್ ಕಳಿಸಿ. ಹೋಗುವಾಗ ಮೂರು ಸಾಲು, ಬರುವಾಗ ಮೂರು ಸಾಲು ಕಾಣುತ್ತವೆ. ಪೇಪರ್ ಮೇಲೆ 185 ಅಂತ ಬರೆದದ್ದು ಇಲ್ಲಿ 1480 ಅಂತ ಕಾಣುತ್ತದೆ. ಗಾಬರಿ ಬೇಡ. ಟಿಸಿಪಿಡಂಪ್ ತಾನೇ 8ರಿಂದ ಗುಣಿಸಿ ತೋರಿಸುತ್ತದೆ.

ಇಲ್ಲಿ ತುಂಬಾ ಜನ ಮೋಸ ಹೋಗುವ ಒಂದು ಜಾಗ ಇದೆ. ಯುಡಿಪಿ ಟ್ರಾಫಿಕ್ ನೋಡುವಾಗ 'ಯುಡಿಪಿ ಪೋರ್ಟ್ 514' ಅಂತ ಫಿಲ್ಟರ್ ಹಾಕಿದರೆ ಮೊದಲ ತುಂಡು ಮಾತ್ರ ಕಾಣುತ್ತದೆ. ಉಳಿದವು ಬಂದರೂ ಕಾಣುವುದಿಲ್ಲ. ಪೋರ್ಟ್ ನಂಬರ್ ಇರುವುದು ಯುಡಿಪಿ ಹೆಡರ್‌ನಲ್ಲಿ, ಆ ಹೆಡರ್ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಒಂದೇ ಮನೆಯ ಸಾಮಾನನ್ನು ಮೂರು ಪೆಟ್ಟಿಗೆ ಮಾಡಿ ಬಾಗಲಕೋಟೆ ಬಸ್ಸಿಗೆ ಹಾಕಿದಿರಿ, ಊರಿನ ಹೆಸರು ಮೂರರ ಮೇಲೂ ಬರೆದು ಮನೆ ನಂಬರನ್ನು ಮೊದಲನೆಯದರ ಮೇಲೆ ಮಾತ್ರ ಬರೆದಿರಿ, ಅಷ್ಟೇ ಇದು.

ತುಂಡುಗಳೆಲ್ಲ ಕಾಣಬೇಕಾದರೆ ಐಪಿ ಹೆಡರ್‌ನ 6ನೇ ಬೈಟ್‌ನಿಂದ ಎರಡು ಬೈಟ್ ತೆಗೆದುಕೊಂಡು, ಹೆಕ್ಸ್ 3ಎಫ್‌ಎಫ್‌ಎಫ್ ಜೊತೆ ಆಂಡ್ ಮಾಡಿ, ಸೊನ್ನೆ ಅಲ್ಲದ್ದನ್ನು ತೋರಿಸು ಅಂತ ಫಿಲ್ಟರ್ ಬರೆಯಬೇಕು. 'ಇನ್ನೂ ಇದೆ' ಬಿಟ್, 13 ಆಫ್‌ಸೆಟ್ ಬಿಟ್ ಇದರಲ್ಲಿ ಸೇರುತ್ತವೆ. 'ಒಡೆಯಬೇಡ' ಅನ್ನುವ ಡಿಎಫ್ ಬಿಟ್ ಹೊರಗೆ ಉಳಿಯುತ್ತದೆ. ಅದು ಉಳಿಯಲೇಬೇಕು, ಇಲ್ಲದಿದ್ದರೆ ಮಾಮೂಲಿ ಟಿಸಿಪಿ ಪ್ಯಾಕೆಟ್‌ಗಳೆಲ್ಲ ಸುರಿಯುತ್ತವೆ.

ಕರ್ನಲ್ ಒಳಗೆ ಒಂದು ತುಂಡಿನ ದಾರಿ

ಲಿನಕ್ಸ್ ಸೋರ್ಸ್‌ನಲ್ಲಿ ನೆಟ್ ಫೋಲ್ಡರ್, ಅದರೊಳಗೆ ಐಪಿವಿ4, ಅಲ್ಲಿ 'ಐಪಿ_ಫ್ರಾಗ್ಮೆಂಟ್' ಅನ್ನುವ ಫೈಲ್ ತೆರೆದಿಟ್ಟುಕೊಂಡು ಓದಿ. ಫೈಲ್ ತೀರಾ ದೊಡ್ಡದೇನಲ್ಲ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಈ ಮಷೀನ್‌ಗೇ ಬಂದ ಪ್ಯಾಕೆಟ್ 'ಐಪಿ_ಲೋಕಲ್_ಡೆಲಿವರ್' ಫಂಕ್ಷನ್‌ಗೆ ಬರುತ್ತದೆ. ಅದು ತುಂಡು ಅಂತ ಗೊತ್ತಾದರೆ 'ಐಪಿ_ಡಿಫ್ರಾಗ್' ಕೈಗೆ ಹೋಗುತ್ತದೆ. ಅಲ್ಲಿ ಮೊದಲ ಪ್ರಶ್ನೆ: ಇದು ಯಾರ ತುಂಡು? ಕಳಿಸಿದವರ ವಿಳಾಸ, ಸೇರಬೇಕಾದ ವಿಳಾಸ, ಐಡಿ, ಪ್ರೋಟೋಕಾಲ್ ನಾಲ್ಕೂ ಸೇರಿ ಒಂದು ಕೀ. ಇದರ ಜೊತೆ ಲಿನಕ್ಸ್ ಇನ್ನೊಂದನ್ನೂ ಸೇರಿಸುತ್ತದೆ: ಕರ್ನಲ್‌ನ ಯಾವ ಭಾಗ ಜೋಡಿಸಲು ಕೇಳಿತು ಅನ್ನುವುದು. ಫೈರ್‌ವಾಲ್‌ಗಾಗಿ ಜೋಡಿಸುತ್ತಿರುವ ತುಂಡು, ಅಪ್ಲಿಕೇಶನ್‌ಗಾಗಿ ಜೋಡಿಸುತ್ತಿರುವ ತುಂಡು ಕಲಸಿಹೋಗಬಾರದಲ್ಲ. ಈ ಕೀ ಹಿಡಿದು ಹ್ಯಾಶ್ ಟೇಬಲ್‌ನಲ್ಲಿ ಹುಡುಕಿ, ಇದ್ದರೆ ಅದೇ ಕ್ಯೂ (ಒಂದು ಪ್ಯಾಕೆಟ್‌ನ ತುಂಡುಗಳು ಕಾಯುವ ಜಾಗ), ಇಲ್ಲದಿದ್ದರೆ ಹೊಸ ಕ್ಯೂ. ಹೊಸದಾದರೆ ಆಗಲೇ ಟೈಮರ್ ಶುರು.

ನಂತರ 'ಐಪಿ_ಫ್ರಾಗ್_ಕ್ಯೂ'. ನಿಜವಾದ ತಪಾಸಣೆ ಇಲ್ಲೇ. ಇದು ಕೊನೆಯ ತುಂಡಾದರೆ ಪೂರ್ತಿ ಪ್ಯಾಕೆಟ್‌ನ ಉದ್ದ ಈಗ ಗೊತ್ತಾಯಿತು. ಮೊದಲೇ ಬಂದ ತುಂಡು ಯಾವುದಾದರೂ ಆ ಉದ್ದ ದಾಟಿದ್ದರೆ ಇದು ಸುಳ್ಳು ಲೆಕ್ಕ, ತಿರಸ್ಕರಿಸು. ಕೊನೆಯ ತುಂಡು ಎರಡು ಸಲ ಬೇರೆ ಬೇರೆ ಉದ್ದ ಹೇಳಿದರೂ ಹಾಗೇ. ನಡುವಿನ ತುಂಡು 8ರಿಂದ ಭಾಗವಾಗದಿದ್ದರೆ ಬಾಲ ಕತ್ತರಿಸಿ 8ರ ಲೆಕ್ಕಕ್ಕೆ ಇಳಿಸುತ್ತದೆ. ಮೊದಲೇ ಬಂದಿದ್ದ ತುಂಡೇ ಮತ್ತೆ ಬಂದರೆ ಹೊಸದನ್ನಷ್ಟೇ ಎಸೆಯುತ್ತದೆ. ಆದರೆ ಒಂದರ ಮೇಲೊಂದು ಅರ್ಧಂಬರ್ಧ ಏರಿದ್ದರೆ, ಅಂದರೆ ಓವರ್‌ಲ್ಯಾಪ್ ಆದರೆ, ಆ ತುಂಡನ್ನು ಮಾತ್ರವಲ್ಲ, ಇಡೀ ಕ್ಯೂವನ್ನೇ ಎಸೆಯುತ್ತದೆ.

ಇಷ್ಟು ಕಟ್ಟುನಿಟ್ಟು ಸುಮ್ನೆ ಬಂದಿಲ್ಲ. 1997ರಲ್ಲಿ ಟಿಯರ್‌ಡ್ರಾಪ್ ಅನ್ನುವ ದಾಳಿ ಬಂತು. ಓವರ್‌ಲ್ಯಾಪ್ ಆಗುವ ತುಂಡು ಕಳಿಸಿದರೆ ಉದ್ದದ ಲೆಕ್ಕ ಮೈನಸ್‌ಗೆ ಹೋಗಿ ಆಗಿನ ಲಿನಕ್ಸ್, ವಿಂಡೋಸ್ ಎರಡೂ ಕ್ರ್ಯಾಶ್ ಆಗುತ್ತಿದ್ದವು. ಸರಿಯಾಗಿ ಕಳಿಸುವವರು ಯಾರೂ ಓವರ್‌ಲ್ಯಾಪ್ ಮಾಡುವುದಿಲ್ಲ. ಐಪಿವಿ6ಗೆ 2009ರ ಆರ್‌ಎಫ್‌ಸಿ 5722 ಇದನ್ನು ನೇರವಾಗಿ ನಿಷೇಧಿಸಿತು. ಐಪಿವಿ4ನಲ್ಲಿ ಲಿನಕ್ಸ್ ಇದೇ ದಾರಿಗೆ ಬಂದದ್ದು 2018ರಲ್ಲಿ.

ಮೊದಲ ತುಂಡೂ ಬಂತು, ಕೊನೆಯದೂ ಬಂತು, ಕೈಯಲ್ಲಿರುವ ಬೈಟ್‌ಗಳ ಮೊತ್ತ ಒಟ್ಟು ಉದ್ದಕ್ಕೆ ಸರಿಯಾಯಿತು. ಓವರ್‌ಲ್ಯಾಪ್ ಇಲ್ಲ ಅಂತ ಮೊದಲೇ ಖಾತ್ರಿ ಆಗಿರುವುದರಿಂದ ಮೊತ್ತ ಸರಿ ಇದ್ದರೆ ನಡುವೆ ಖಾಲಿ ಜಾಗ ಇರಲು ಸಾಧ್ಯವಿಲ್ಲ. ಇದು ನನಗೆ ತುಂಬಾ ಇಷ್ಟವಾದ ಸಾಲು. ಬೇರೆ ಯಾವ ಹುಡುಕಾಟವೂ ಇಲ್ಲದೆ ಒಂದು ಹೋಲಿಕೆಯಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ 'ಐಪಿ_ಫ್ರಾಗ್_ರೀಆಸಂ' ತುಂಡುಗಳನ್ನು ಕಾಪಿ ಮಾಡದೆ ಒಂದರ ಹಿಂದೆ ಒಂದು ಪಟ್ಟಿಯಾಗಿ ಕಟ್ಟುತ್ತದೆ. ಒಟ್ಟು 65,535 ಬೈಟ್ ದಾಟಿದರೆ ಇಲ್ಲೂ ತಿರಸ್ಕಾರ.

ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಹೊತ್ತು

ಪೂರ್ತಿ ಬರದ ತುಂಡು ಅಂದರೆ ಗುರುತಿಲ್ಲದವರಿಗಾಗಿ ಹಿಡಿದಿಟ್ಟ ಮೆಮೊರಿ. ಇದಕ್ಕೆ ಸಿಸ್‌ಸಿಟಿಎಲ್‌ನಲ್ಲಿ, ಅಂದರೆ ಕರ್ನಲ್ ಸೆಟ್ಟಿಂಗ್ ಬದಲಿಸುವ ಜಾಗದಲ್ಲಿ, ಮುಖ್ಯವಾಗಿ ಮೂರು ತಿರುಪು ಇವೆ.

'ಐಪಿಫ್ರಾಗ್_ಟೈಮ್' ಸಾಮಾನ್ಯವಾಗಿ 30 ಸೆಕೆಂಡ್. ಅಷ್ಟರಲ್ಲಿ ಎಲ್ಲ ಬರದಿದ್ದರೆ ಕ್ಯೂ ಖಾಲಿ. ಮೊದಲ ತುಂಡು ಕೈಯಲ್ಲಿದ್ದರೆ ಮಾತ್ರ ಕಳಿಸಿದವರಿಗೆ 'ಜೋಡಿಸುವ ಸಮಯ ಮುಗಿಯಿತು' ಅಂತ ಐಸಿಎಂಪಿ ಸುದ್ದಿ ಹೋಗುತ್ತದೆ.

'ಐಪಿಫ್ರಾಗ್_ಹೈ_ಥ್ರೆಶ್' ಒಟ್ಟು ಮೆಮೊರಿಯ ಮಿತಿ, ಈಗಿನ ಕರ್ನಲ್‌ಗಳಲ್ಲಿ 4 ಎಂಬಿ. ಇದನ್ನು ಬರೀ ಡೇಟಾ ಬೈಟ್‌ಗಳ ಲೆಕ್ಕ ಅಂದುಕೊಳ್ಳಬೇಡಿ. ಪ್ರತಿ ತುಂಡಿನ ಬಫರ್ ನಿಜವಾಗಿ ಹಿಡಿದ ಜಾಗದ ಲೆಕ್ಕ ಇದು. 8 ಬೈಟ್‌ನ ತುಂಡೂ ನೂರಾರು ಬೈಟ್ ತಿನ್ನುತ್ತದೆ. ಮಿತಿ ದಾಟಿದರೆ ಹೊಸ ತುಂಡಿಗೆ ಬಾಗಿಲು ಬಂದ್. ಈಗಿನ ಕೋಡ್ ಹಳೆಯದನ್ನು ಹೊರಹಾಕಿ ಹೊಸದಕ್ಕೆ ಜಾಗ ಮಾಡುವುದಿಲ್ಲ, ಟೈಮರ್ ಮುಗಿಯುವ ತನಕ ಕಾಯುತ್ತದೆ. ಹಾಗಾಗಿ ತೊಂದರೆ ಕಂಡ ತಕ್ಷಣ ಮಿತಿ ಜಾಸ್ತಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹತ್ತಿರದ ಲಿಂಕ್‌ಗಳಿದ್ದರೆ 30 ಸೆಕೆಂಡನ್ನು ಇಳಿಸುವುದು ಹೆಚ್ಚು ಉಪಯೋಗ. ಬೆಳಗಾವಿಯಿಂದ ವಿಜಯಪುರಕ್ಕೆ ಬರುವ ತುಂಡು ಅರ್ಧ ನಿಮಿಷ ಎಲ್ಲಿ ಅಡ್ಡಾಡುತ್ತಿರುತ್ತದೆ, ಹೇಳಿ?

'ಐಪಿಫ್ರಾಗ್_ಮ್ಯಾಕ್ಸ್_ಡಿಸ್ಟ್' 64. ಒಂದೇ ಕಡೆಯಿಂದ ನಡುವೆ ಬೇರೆ ಎಷ್ಟು ತುಂಡು ಬಂದಮೇಲೂ ಹಳೆಯದಕ್ಕಾಗಿ ಕಾಯಬೇಕು ಅನ್ನುವ ಅಂದಾಜು. ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ. ಐಡಿ 16 ಬಿಟ್, ಅಂದರೆ 65,536 ಆದಮೇಲೆ ಮತ್ತೆ ಮೊದಲಿನಿಂದ. 1 ಗಿಗಾಬಿಟ್ ಲಿಂಕ್ ತುಂಬಾ 8 ಕೆಬಿಯ ಯುಡಿಪಿ ಕಳಿಸಿದರೆ ನಾಲ್ಕೈದು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಯುತ್ತದೆ. ಆದರೆ ಕ್ಯೂ 30 ಸೆಕೆಂಡ್ ಕಾಯುತ್ತಿರುತ್ತದೆ. ಹಳೆಯ ಪ್ಯಾಕೆಟ್‌ನ ತಲೆಗೆ ಹೊಸ ಪ್ಯಾಕೆಟ್‌ನ ಬಾಲ ಅಂಟುತ್ತದೆ. ಹೆಚ್ಚಿನವನ್ನು ಯುಡಿಪಿ ಚೆಕ್‌ಸಂ ಹಿಡಿಯುತ್ತದೆ, ಆದರೆ ಅದೂ 16 ಬಿಟ್ಟೇ. ಎಲ್ಲೋ ಒಂದು ತಪ್ಪಿಸಿಕೊಂಡರೆ ಕೆಟ್ಟ ಡೇಟಾ ಸದ್ದಿಲ್ಲದೆ ಒಳಗೆ ಹೋಗುತ್ತದೆ.

2018ರ ಫ್ರಾಗ್ಮೆಂಟ್‌ಸ್ಮ್ಯಾಕ್ ಅನ್ನುವ ದಾಳಿಯ ಕಥೆಯೂ ಇಲ್ಲಿಗೇ ಸೇರಿದ್ದು. ಆಗ ತುಂಡುಗಳನ್ನು ಉದ್ದನೆಯ ಲಿಂಕ್ಡ್ ಲಿಸ್ಟ್‌ನಲ್ಲಿ ಇಡುತ್ತಿದ್ದರು. ಬೇಕಂತಲೇ ಕ್ರಮ ತಪ್ಪಿಸಿ ಸಣ್ಣ ಸಣ್ಣ ತುಂಡು ಕಳಿಸಿದರೆ ಪ್ರತಿಯೊಂದಕ್ಕೂ ಪಟ್ಟಿಯನ್ನೆಲ್ಲ ಹುಡುಕಬೇಕು. ಸಿಪಿಯು ಅದರಲ್ಲೇ ಮುಳುಗುತ್ತಿತ್ತು. ತಾತ್ಕಾಲಿಕವಾಗಿ ಮೆಮೊರಿ ಮಿತಿಯನ್ನು 4 ಎಂಬಿಯಿಂದ 256 ಕೆಬಿಗೆ ಇಳಿಸಿ ಅಂತ ಸಲಹೆ ಬಂತು. ಆಮೇಲೆ ಲಿಸ್ಟ್ ಜಾಗಕ್ಕೆ ರೆಡ್-ಬ್ಲ್ಯಾಕ್ ಟ್ರೀ ಬಂತು. ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಇದನ್ನು ಎಲ್ಲಿ ಬಳಸುತ್ತಾರೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕೌಂಟರ್ ಓದುವುದು

ಬೆಳಗಾವಿ ನೇಮ್‌ಸ್ಪೇಸ್ ಒಳಗೆ ಕರ್ನಲ್‌ನ ನೆಟ್‌ವರ್ಕ್ ಲೆಕ್ಕ ತೋರಿಸುವ 'ಎನ್‌ಸ್ಟ್ಯಾಟ್ -ಎಝಡ್' ಕೊಟ್ಟು 'ರೀಆಸಂ' ಅಂತ ಇರುವ ಸಾಲು ಹುಡುಕಿ. 'ರೀಕ್ವಿಡ್ಸ್' ಬಂದ ತುಂಡುಗಳ ಸಂಖ್ಯೆ. 'ಓಕೆಸ್' ಜೋಡಿಸಿ ಮುಗಿಸಿದ ಪ್ಯಾಕೆಟ್‌ಗಳ ಸಂಖ್ಯೆ. ಎರಡನ್ನೂ ಒಂದಕ್ಕೊಂದು ಹೋಲಿಸಬೇಡಿ. ನಮ್ಮ 4000 ಬೈಟ್ ಪಿಂಗ್‌ನಲ್ಲಿ ಮೊದಲನೆಯದು 3 ಏರಿದರೆ ಎರಡನೆಯದು 1 ಏರುತ್ತದೆ, ಅದು ಸರಿಯೇ. 'ಟೈಮ್‌ಔಟ್' ಏರಿದರೆ 'ಫೇಲ್ಸ್' ಕೂಡ ಅದರ ಜೊತೆ ಏರುತ್ತದೆ, ಎರಡು ಬೇರೆ ತೊಂದರೆ ಅಂತ ಲೆಕ್ಕ ಹಾಕಬೇಡಿ. ಟೈಮ್‌ಔಟ್ ಏರದೆ ಫೇಲ್ಸ್ ಮಾತ್ರ ಏರುತ್ತಿದ್ದರೆ ಮೆಮೊರಿ ಮಿತಿಯನ್ನೋ ಕೆಟ್ಟ ತುಂಡುಗಳನ್ನೋ ಅನುಮಾನಿಸಿ. ಪ್ರೋಕ್ ಫೈಲ್ ಸಿಸ್ಟಂನ 'ಸಾಕ್‌ಸ್ಟ್ಯಾಟ್' ಫೈಲ್‌ನಲ್ಲಿ 'ಫ್ರಾಗ್' ಅನ್ನುವ ಸಾಲು ಈ ಕ್ಷಣ ಎಷ್ಟು ಕ್ಯೂ ಇವೆ, ಎಷ್ಟು ಮೆಮೊರಿ ಹಿಡಿದಿವೆ ಅಂತ ಹೇಳುತ್ತದೆ.

ಈಗ ಬಾಗಲಕೋಟೆ ತುದಿಗೆ ಬೇಕಂತಲೇ ಪ್ಯಾಕೆಟ್ ಕಳೆಯಬಲ್ಲ ನೆಟ್‌ಎಂ ಹಚ್ಚಿ ನೂರಕ್ಕೆ 1ರಷ್ಟು ಲಾಸ್ ಕೊಡಿ. ಮಾಮೂಲಿ ಪಿಂಗ್‌ನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಅದೇ 65,507 ಬೈಟ್ ಇಟ್ಟು ಪಿಂಗ್ ಮಾಡಿ. ಅದು 45 ತುಂಡಾಗುತ್ತದೆ. ಒಂದು ಹೋದರೂ ಎಲ್ಲ ಹೋದ ಹಾಗೆ. 0.99ನ್ನು 45 ಸಲ ಗುಣಿಸಿದರೆ ಸುಮಾರು 0.64. ಅಂದರೆ ನೂರರಲ್ಲಿ 36 ಪ್ಯಾಕೆಟ್ ಮಣ್ಣುಪಾಲು. ತುಂಡು ಮಾಡಬೇಡಿ ಅಂತ ಹಳಬರು ಯಾಕೆ ಅಷ್ಟು ಹೇಳುತ್ತಾರೆ ಅನ್ನುವುದಕ್ಕೆ ಈ ಒಂದು ಪ್ರಯೋಗ ಸಾಕು.

ಉದ್ಯಮಬಾಗದ ಒಂದು ಕೇಸು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷೀನ್ ಶಾಪ್. ಬಾಗಲಕೋಟೆಯಲ್ಲಿ ಅವರದೇ ಇನ್ನೊಂದು ಯೂನಿಟ್. ನಡುವೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಟನಲ್. ಮಷೀನ್‌ಗಳ ಲಾಗ್ ಯುಡಿಪಿ ಮೇಲೆ ಬೆಳಗಾವಿಯ ಸರ್ವರ್‌ಗೆ ಬರಬೇಕು. "ಸರ, ಸಣ್ಣವು ಬರ್ತಾವ್ರೀ, ದೊಡ್ಡವು ಬರವಲ್ವು" ಅಂದ ಅಲ್ಲಿನ ಹುಡುಗ. ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು.

1800 ಬೈಟ್‌ನ ಒಂದು ಮೆಸೇಜ್ ಹಿಡಿದುಕೊಳ್ಳಿ. ಯುಡಿಪಿ ಹೆಡರ್ ಸೇರಿ 1808. ಮೊದಲು 1500ರ ಲ್ಯಾನ್‌ನಲ್ಲಿ 1480, 328 ಅಂತ ಎರಡು ತುಂಡು. ವೈರ್‌ಗಾರ್ಡ್‌ನ ಎಂಟಿಯು ಸಾಮಾನ್ಯವಾಗಿ 1420. ಟನಲ್ ಬಾಯಲ್ಲಿ ಮೊದಲ ತುಂಡು ಮತ್ತೆ ಒಡೆದು 1400, 80 ಆಗುತ್ತದೆ. ಬೆಳಗಾವಿಗೆ ಬರುವುದು ಮೂರು ತುಂಡು, ಆಫ್‌ಸೆಟ್ 0, 175, 185. ತುಂಡನ್ನು ಮತ್ತೆ ತುಂಡು ಮಾಡಿದ್ದಾರೆ ಅನ್ನುವುದು ಕರ್ನಲ್‌ಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಸರ್ವರ್‌ನಲ್ಲಿ ಕೌಂಟರ್ ನೋಡಿದರೆ ಒಂದು ದೊಡ್ಡ ಮೆಸೇಜ್‌ಗೆ ರೀಕ್ವಿಡ್ಸ್ ಒಂದೇ ಏರುತ್ತಿತ್ತು. ಓಕೆಸ್ ಅಲ್ಲಾಡಲಿಲ್ಲ. ಅರ್ಧ ನಿಮಿಷ ಆದಮೇಲೆ ಟೈಮ್‌ಔಟ್ ಒಂದು ಏರಿತು. ಅಂದರೆ ಮೊದಲ ತುಂಡು ಬರುತ್ತಿದೆ, ಉಳಿದೆರಡು ದಾರಿಯಲ್ಲೇ ಹೋಗುತ್ತಿವೆ. ಟನಲ್‌ನಿಂದ ಹೊರಬೀಳುವ ಕಡೆ ಟಿಸಿಪಿಡಂಪ್ ಹಚ್ಚಿದರೆ ಮೂರೂ ಕಂಡವು. ನಡುವೆ ಇದ್ದದ್ದು ಒಂದು ಹಳೆಯ ಫೈರ್‌ವಾಲ್ ಡಬ್ಬ. 'ಈ ಪೋರ್ಟ್‌ಗೆ ಬಂದದ್ದನ್ನು ಬಿಡು, ಉಳಿದದ್ದನ್ನು ತಡೆ' ಅಂತ ಅದಕ್ಕೆ ನಿಯಮ. ಪೋರ್ಟ್ ನಂಬರ್ ಇಲ್ಲದ ತುಂಡುಗಳು ಉಳಿದದ್ದರ ಸಾಲಿಗೆ ಸೇರಿದವು.

ಕರ್ನಲ್‌ನಲ್ಲಿ ಏನನ್ನೂ ಮುಟ್ಟಲಿಲ್ಲ. ಲಾಗ್ ಕಳಿಸುವ ಸಾಫ್ಟ್‌ವೇರ್‌ನಲ್ಲಿ ಮೆಸೇಜ್‌ನ ಗರಿಷ್ಠ ಉದ್ದ 1392 ಅಂತ ಹಾಕಿದೆವು. 1420ರಲ್ಲಿ ಐಪಿಗೆ 20, ಯುಡಿಪಿಗೆ 8 ಕಳೆದರೆ ಅಷ್ಟೇ ಉಳಿಯುವುದು.

ಆ ಡಬ್ಬದ ಜಾಗದಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ (ಯಾವ ಪ್ಯಾಕೆಟ್ ಯಾವ ಸಂಪರ್ಕದ್ದು ಅಂತ ನೆನಪಿಡುವುದು) ಇರುವ ಲಿನಕ್ಸ್ ಫೈರ್‌ವಾಲ್ ಇದ್ದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಲಿನಕ್ಸ್‌ನ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರ್‌ನಲ್ಲಿ ಜೋಡಿಸುವ ಕೆಲಸದ ಆದ್ಯತೆ -400, ಕನೆಕ್ಷನ್ ಟ್ರ್ಯಾಕಿಂಗ್‌ನದು -200. ಸಣ್ಣ ಸಂಖ್ಯೆ ಮೊದಲು. ಹಾಗಾಗಿ ನಿಮ್ಮ ನಿಯಮಗಳು ನೋಡುವ ಹೊತ್ತಿಗೆ ಪ್ಯಾಕೆಟ್ ಪೂರ್ತಿಯಾಗಿರುತ್ತದೆ, ಹೊರಗೆ ಹೋಗುವಾಗ ಮತ್ತೆ ಒಡೆಯುತ್ತದೆ. ಅದಕ್ಕೇ ರೌಟರ್‌ನಲ್ಲೂ ರೀಆಸಂ ಕೌಂಟರ್ ಏರುವುದು ಕಾಣುತ್ತದೆ.

ಒಡೆಯದ ಹಾಗೆ ನೋಡಿಕೊಳ್ಳಿ

ದಾರಿಯ ಎಂಟಿಯು ತಿಳಿಯಲು ಪಿಂಗ್‌ಗೆ '-ಎಂ ಡು' ಆಯ್ಕೆ ಕೊಡಿ, ಇಲ್ಲಿ ಎಂ ದೊಡ್ಡಕ್ಷರ. ಇದು 'ಒಡೆಯಬೇಡ' ಅನ್ನುವ ಬಿಟ್ ಆನ್ ಮಾಡುತ್ತದೆ. '-ಎಸ್ 1472' ಹೋದರೆ ಎಂಟಿಯು 1500 ಇದೆ. ಬ್ರಾಡ್‌ಬ್ಯಾಂಡ್ ಪಿಪಿಪಿಒಇ ಆದರೆ 1492, ಆಗ 1464 ತನಕ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಬಂದ್ ಮಾಡಬೇಡಿ. 'ಒಡೆಯದೆ ಹೋಗುವುದಿಲ್ಲ' ಅನ್ನುವ ಸುದ್ದಿ, ಟೈಪ್ 3 ಕೋಡ್ 4, ಅದರಲ್ಲೇ ಬರುವುದು. ಸೆಕ್ಯೂರಿಟಿ ಹೆಸರಿನಲ್ಲಿ ಅದನ್ನು ಮುಚ್ಚಿ ಆಮೇಲೆ ವೆಬ್‌ಸೈಟ್ ತೆರೆಯುವುದಿಲ್ಲ ಅಂತ ಒದ್ದಾಡುವವರನ್ನು ಎಷ್ಟು ನೋಡಿಲ್ಲ!

ಟಿಸಿಪಿಗೆ ಎಂಎಸ್‌ಎಸ್ ಕ್ಲ್ಯಾಂಪ್ ಸಾಕು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಡೇಟಾವನ್ನು ರೌಟರ್ ನಡುವೆಯೇ ಇಳಿಸಿ ಹೇಳುವುದು. ಯುಡಿಪಿಗೆ ಆ ಮದ್ದು ಇಲ್ಲ, ಅಪ್ಲಿಕೇಶನ್ನೇ ಚಿಕ್ಕದಾಗಿ ಕಳಿಸಬೇಕು. ಎಲ್ಲೆಡೆ ನಡೆಯುವ ಅಳತೆ ಬೇಕಾದರೆ 1232 ಇಟ್ಟುಕೊಳ್ಳಿ. ಐಪಿವಿ6ನ ಕನಿಷ್ಠ ಎಂಟಿಯು 1280ರಲ್ಲಿ ಹೆಡರ್‌ಗಳ 48 ಕಳೆದ ಸಂಖ್ಯೆ ಅದು, ಡಿಎನ್‌ಎಸ್‌ನವರೂ 2020ರಿಂದ ಇದನ್ನೇ ಹೇಳುತ್ತಿದ್ದಾರೆ. ಐಪಿವಿ6ನಲ್ಲಿ ರೌಟರ್‌ಗಳು ಒಡೆಯುವುದೇ ಇಲ್ಲ, ಕಳಿಸುವವರೇ ಒಡೆಯಬೇಕು. ಕಾಯುವ ಸಮಯ ಅಲ್ಲಿ 60 ಸೆಕೆಂಡ್.

ಪ್ರಾಜೆಕ್ಟ್‌ಗೆ ನೀವೇ ಕರ್ನಲ್ ಬರೆಯುತ್ತಿದ್ದರೆ

ಮಿತಿಗಳನ್ನು ಮೊದಲು ಬರೆಯಿರಿ, ಜೋಡಿಸುವುದನ್ನು ಆಮೇಲೆ. ಒಟ್ಟು ಮೆಮೊರಿ ಎಷ್ಟು, ಒಂದು ಪ್ಯಾಕೆಟ್‌ಗೆ ತುಂಡು ಎಷ್ಟು, ಎಷ್ಟು ಹೊತ್ತು. ಈ ಮೂರು ಇಲ್ಲದ ಕೋಡ್ ಡೆಮೊದಲ್ಲಿ ಚೆನ್ನಾಗಿ ನಡೆದು ಆಮೇಲೆ ಮೆಮೊರಿ ತಿಂದು ಮಲಗುತ್ತದೆ.

ಟೈಮರ್ ಜೊತೆ ಜಾಗ್ರತೆ. ಕೊನೆಯ ತುಂಡು ಬಂದು ಜೋಡಿಸುತ್ತಿರುವಾಗಲೇ ಇನ್ನೊಂದು ಕೋರ್‌ನಲ್ಲಿ ಟೈಮರ್ ಮುಗಿದು ಕ್ಯೂವನ್ನು ಫ್ರೀ ಮಾಡಬಹುದು. ಲಿನಕ್ಸ್ ಇದಕ್ಕೆ ರೆಫರೆನ್ಸ್ ಕೌಂಟ್ ಇಡುತ್ತದೆ: ಹ್ಯಾಶ್ ಟೇಬಲ್‌ಗೊಂದು, ಟೈಮರ್‌ಗೊಂದು, ಸದ್ಯ ಕೆಲಸ ಮಾಡುತ್ತಿರುವ ಕೋಡ್‌ಗೊಂದು. ಸೊನ್ನೆಗೆ ಇಳಿದ ಮೇಲೆಯೇ ಫ್ರೀ. ಜೊತೆಗೆ ಕ್ಯೂಗೆ ಲಾಕ್, ಲಾಕ್ ಹಿಡಿದ ಮೇಲೆ 'ಈಗಾಗಲೇ ಮುಗಿದಿದೆಯಾ' ಅಂತ ಮತ್ತೊಮ್ಮೆ ನೋಡುವುದು.

ಟೆಸ್ಟ್‌ಗೆ ಸ್ಕೇಪಿ ಅನ್ನುವ ಪೈಥಾನ್ ಟೂಲ್ ಬಳಸಿ, ಒಂದೊಂದು ತುಂಡನ್ನೂ ಕೈಯಾರೆ ಮಾಡಿ ಕಳಿಸಬಹುದು. ಉಲ್ಟಾ ಕ್ರಮದಲ್ಲಿ ಕಳಿಸಿ. ಕೊನೆಯದನ್ನು ಮೊದಲು, ಎರಡು ಸಲ ಕಳಿಸಿ. 8 ಬೈಟ್ ಓವರ್‌ಲ್ಯಾಪ್ ಮಾಡಿ. ಮೊದಲ ತುಂಡು ಬಿಟ್ಟು ಉಳಿದದ್ದೆಲ್ಲ ಕಳಿಸಿ ಟೈಮರ್ ಮುಗಿದ ಮೇಲೆ ಮೆಮೊರಿ ಸೊನ್ನೆಗೆ ಬಂತಾ ನೋಡಿ. ಆಫ್‌ಸೆಟ್ 8189, ಅಂದರೆ 65,512ನೇ ಬೈಟ್‌ನಿಂದ ಶುರುವಾಗುವ 100 ಬೈಟ್‌ನ ಕೊನೆಯ ತುಂಡು ಕಳಿಸಿ. ಉದ್ದವನ್ನು 16 ಬಿಟ್ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಲೆಕ್ಕ ಸುತ್ತು ಹೊಡೆದು ನಿಮ್ಮ ಕರ್ನಲ್ ಅದನ್ನು 76 ಬೈಟ್‌ನ ಪ್ಯಾಕೆಟ್ ಅಂದುಕೊಳ್ಳುತ್ತದೆ.